ಕಪ್ಪಾಗುವ ಮೊದಲಿನ ಬಿದ್ರಿ

ಬೀದರಕ್ಕೆ ಬಂದು ಬಿದ್ರಿ ನೋಡುವವರು ಸಾಮಾನ್ಯವಾಗಿ ಕೊನೆಯಿಂದ ಶುರು ಮಾಡುತ್ತಾರೆ. ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಹೂದಾನಿ, ಆನೆ, ಸುರಾಹಿಗಳನ್ನು ತಿರುಗಿಸಿ ನೋಡುತ್ತಾರೆ. ಆಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: "ಆ ಕೋಟೆ ಮಣ್ಣು ಎಲ್ಲಿದೆ, ತೋರಿಸಿ." ಅಂಗಡಿಯವರಿಗೂ ಇದು ರೂಢಿಯಾಗಿದೆ. ಡಬ್ಬಿಯಲ್ಲಿ ಒಂದಿಷ್ಟು ಇಟ್ಟುಕೊಂಡಿರುತ್ತಾರೆ, ತೆಗೆದು ಅಂಗೈಗೆ ಹಾಕುತ್ತಾರೆ, ಫೋಟೊ ಆಗುತ್ತದೆ. ನೋಡಿದರೆ ಮಾಮೂಲಿ ಮಣ್ಣು. ಮಣ್ಣನ್ನು ಕೊನೆಗಿಟ್ಟುಕೊಂಡು, ಎರಕದ ಒಲೆಯಿಂದ ಹೊರಡುವ ದಾರಿಯೂ ಒಂದಿದೆ. ಈ ಊರಿನ ಕಸುಬು ನನಗೆ ಅರ್ಥವಾದದ್ದು ಆ ದಾರಿಯಲ್ಲೇ.

ಹಳೇ ಊರಿನ ನಡುಮಧ್ಯೆ ಚೌಬಾರ ನಿಂತಿದೆ. ಸುಮಾರು 22 ಮೀಟರ್ ಎತ್ತರದ ದುಂಡು ಕಾವಲು ಗೋಪುರ, ಈಗ ಅದಕ್ಕೊಂದು ಗಡಿಯಾರ. ಅಲ್ಲಿಂದ ಮಹಮೂದ್ ಗವಾನನ ಮದರಸಾ ಕಡೆಗೆ, ಅದರಾಚೆ ಕೋಟೆಯ ಕಡೆಗೆ ರಸ್ತೆ ಹೋಗುತ್ತದೆ. ಈ ಆಸುಪಾಸಿನಲ್ಲೇ ಬಿದ್ರಿ ಅಂಗಡಿಗಳಿವೆ, ಓಣಿಗಳ ಒಳಗೆ ಕೆಲಸದ ಮನೆಗಳಿವೆ. ಹುಡುಕಲು ಬೋರ್ಡು ಬೇಕಿಲ್ಲ. ಬಫಿಂಗ್ ಮೋಟರಿನ ಕಿರುಚಾಟ ಓಣಿಯ ಬಾಯಿಗೇ ಕೇಳಿಸುತ್ತದೆ. ಅದು ನಿಂತ ಗಳಿಗೆಯಲ್ಲಿ ಸಣ್ಣ ಸುತ್ತಿಗೆಯ ಸದ್ದು.

ನಾನು ಮೊದಲು ಹೊಕ್ಕದ್ದು ಎರಕದ ಕೋಣೆಗೆ. ಗೋಡೆಯೆಲ್ಲ ಮಸಿ. ನೆಲದ ಮೇಲೆ ಅಚ್ಚಿನ ಮಣ್ಣಿನ ಗುಡ್ಡೆ. ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಸೇರಿಸಿ ಹದ ಮಾಡಿರುತ್ತಾರೆ, ಕೈಯಲ್ಲಿ ಹಿಡಿದರೆ ಮುದ್ದೆ ನಿಲ್ಲಬೇಕು. ಮೂಸೆಯಲ್ಲಿ ಸತು ಕರಗುತ್ತಿರುತ್ತದೆ. ಸತು ಕರಗಲು 419 ಡಿಗ್ರಿ ಸೆಲ್ಸಿಯಸ್ ಸಾಕು, ಹಿತ್ತಾಳೆ ಕಂಚಿನವರ ಕುಲುಮೆಯ ಭರಾಟೆ ಇಲ್ಲಿಲ್ಲ. ಕಾವು ಮಿತಿಮೀರಿದರೆ ಸತುವೇ ಹೊತ್ತಿಕೊಂಡು ಹಸಿರು ನೀಲಿ ಜ್ವಾಲೆ ಏಳುತ್ತದೆ, ಬಿಳಿ ಹೊಗೆ ಕೋಣೆ ತುಂಬುತ್ತದೆ. ಕಿಟಕಿ ಒಂದೇ. ಸರಿಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ, ಇದು ಇಲ್ಲಿ ಎಲ್ಲರೂ ಹೇಳುವ ಲೆಕ್ಕ. ಆ ಒಂದು ಪಾಲು ತಾಮ್ರವನ್ನು ನೆನಪಿನಲ್ಲಿಡಿ, ಅದರ ಕೆಲಸ ಕೊನೆಯಲ್ಲಿದೆ.

ಅಚ್ಚು ಒಡೆದಾಗ ಹೊರಬರುವ ಹೂಜಿಯನ್ನು ಯಾರೂ ಬಿದ್ರಿ ಎನ್ನಲಾರರು. ಮಂಕು ಬೂದು ಬಣ್ಣ, ಮೈತುಂಬ ತರಿ. ಹಿಂದೆ ಇದನ್ನು ಅರ ಹಿಡಿದು ಕೈಯಲ್ಲೇ ಉಜ್ಜುತ್ತಿದ್ದರು, ಈಗ ಮೋಟರು ಬಂದಿದೆ. ಇದರ ಬಗ್ಗೆ ಕೊರಗುವವರನ್ನು ನಾನು ಊರಾಚೆ ನೋಡಿದ್ದೇನೆ, ಓಣಿಯಲ್ಲಿ ನೋಡಲಿಲ್ಲ. ನುಣುಪಾದ ಮೈಗೆ ಮೈಲುತುತ್ತದ ನೀರು ಸವರುತ್ತಾರೆ. ಕೂಡಲೇ ತಾತ್ಕಾಲಿಕವಾದ ಒಂದು ಕಪ್ಪು ಹತ್ತುತ್ತದೆ. ಅದರ ಮೇಲೆ ಮೊನೆಯಿಂದ ಗೀರಿದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಹೂವು, ಬಳ್ಳಿ, ಗಸಗಸೆ ಗಿಡ, ನಾಣ್ಯದಷ್ಟು ದುಂಡಗಿನ ಅಶರಫಿ ಬೂಟಿ, ಎಲ್ಲವನ್ನೂ ಕೈ ಅಂದಾಜಿನಲ್ಲೇ ಬರೆಯುತ್ತಾರೆ. ಹೂಜಿಯ ಹೊಟ್ಟೆ ಉಬ್ಬಿದ ಕಡೆ ಹೂವು ಹಿಗ್ಗಬೇಕು, ಕತ್ತಿನ ಬಳಿ ಕುಗ್ಗಬೇಕು, ಸುತ್ತು ತಿರುಗಿ ಬಂದಾಗ ಬಳ್ಳಿಯ ತುದಿ ಬುಡಕ್ಕೆ ಸರಿಯಾಗಿ ಸೇರಬೇಕು. ಕಾಗದದ ಮೇಲೆ ಬಿಡಿಸುವವರಿಗೆ ಈ ಕಷ್ಟ ಇಲ್ಲ.

ಇನ್ನು ಮುಂದಿನದೇ ಈ ಕಸುಬಿನ ತಿರುಳು. ಅಲ್ಲೇ ಹೆಚ್ಚು ಹೊತ್ತು ಕೂರಬೇಕು. ಕೂರಲು ಹೋದಾಗ ಕೆತ್ತುತ್ತಿದ್ದ ಹಿರಿಯರು ತಲೆಯೆತ್ತದೆ ಹೇಳಿದರು: "ಕುಂದ್ರಿ ಸರ್, ಬೆಳಕಿಗೆ ಅಡ್ಡ ಬರಬ್ಯಾಡ್ರಿ ಅಷ್ಟೇ."

ಮುಂದೆ ಕಲ್ಲಿನ ಮೇಲೆ ಮೇಣ ಮತ್ತು ರಾಳದ ಗಟ್ಟಿ, ಅದರಲ್ಲಿ ತಟ್ಟೆಯೊಂದನ್ನು ಅಲ್ಲಾಡದಂತೆ ಕೂರಿಸಿದ್ದರು. ಪಕ್ಕದಲ್ಲಿ ಕಲಮುಗಳ ಸಾಲು. ಇಲ್ಲಿ ಉಳಿಗೆ ಕಲಮು ಎಂದೇ ಹೇಳುತ್ತಾರೆ. ಚೂಪು ಮೂತಿಯದು, ಚಪ್ಪಟೆ ಮೂತಿಯದು, ದುಂಡನೆಯದು, ಒಂದೊಂದಕ್ಕೂ ಒಂದೊಂದು ಕೆಲಸ. ಎಡಗೈ ಕಲಮನ್ನು ನಡೆಸುತ್ತದೆ, ಬಲಗೈ ಸುತ್ತಿಗೆ ಹಾಕುತ್ತದೆ. ಎರಕದ ಸತು ನೋಡಲು ಗಟ್ಟಿ, ಆದರೆ ಪೆಟ್ಟು ಕೊಂಚ ಹೆಚ್ಚಾದರೆ ಚಕ್ಕೆ ಏಳುತ್ತದೆ. ಕಡಿಮೆಯಾದರೆ ಗೆರೆ ಆಳ ಸಾಲದು, ಬೆಳ್ಳಿ ನಿಲ್ಲುವುದಿಲ್ಲ. ಇಲ್ಲಿ ಅಂಟು ಇಲ್ಲ, ಬೆಸುಗೆ ಇಲ್ಲ. ಕೆತ್ತಿದ ಕಾಲುವೆಯೊಳಗೆ ತಂತಿ ಇಟ್ಟು ಬಡಿದಾಗ ಮೆದುವಾದ ಬೆಳ್ಳಿ ಹರಡಿ ಎರಡೂ ದಂಡೆಗಳನ್ನು ಕಚ್ಚಿಕೊಳ್ಳಬೇಕು. ಆ ಕಚ್ಚುವಿಕೆಯ ಬಲದ ಮೇಲೆಯೇ ನೂರಾರು ವರ್ಷ ಹಳೆಯ ಹುಕ್ಕಾಗಳಲ್ಲಿ ಬೆಳ್ಳಿ ಇವತ್ತಿಗೂ ಕೂತಿದೆ.

ತಂತಿ ಕೂರಿಸುವುದಕ್ಕೆ ತಾರ್‌ಕಶಿ ಎಂದು ಹೆಸರು. ತೆಳು ತಗಡನ್ನು ಎಸಳಿನ ಆಕಾರಕ್ಕೆ ಕತ್ತರಿಸಿ, ಅದೇ ಆಕಾರದ ಗುಳಿಯಲ್ಲಿ ಇಳಿಸಿ ಮಟ್ಟ ಮಾಡುವುದು ತಹನಿಶಾನ್. ಬೆಳ್ಳಿ ಮೈಯಿಂದ ಉಬ್ಬಿ ನಿಲ್ಲುವಂತೆ ಮಾಡುವುದು ಜರ್‌ಬುಲಂದ್. ಇನ್ನೊಂದಿದೆ, ಆಫ್ತಾಬಿ: ಬೆಳ್ಳಿಯ ತಗಡಿನಲ್ಲೇ ಹೂಬಳ್ಳಿಯ ಕಿಂಡಿ ಕೊರೆದು ಮೇಲೆ ಹೊದಿಸುತ್ತಾರೆ, ಆಗ ಹೂವು ಕಪ್ಪು, ನೆಲ ಬೆಳ್ಳಿ. ಬೆಳ್ಳಿ ಹೆಚ್ಚು ಹಿಡಿಯುವ ಈ ಕೆಲಸ ಈಗ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಕಪಾಟಿನಲ್ಲಿರುವುದರಲ್ಲಿ ಬಹುಪಾಲು ತಾರ್‌ಕಶಿ.

"ಈ ತಟ್ಟೆಗೆ ಎಷ್ಟು ದಿನ ಹಿಡೀತದ ಅಜ್ಜಾರ?" ಎಂದು ಕೇಳಿದೆ.

"ಕಣ್ಣು ಎಷ್ಟು ದಿನ ಹೇಳತದ ಅಷ್ಟು," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಸಂಜೀ ಲೈಟಿನಾಗ ಸಣ್ಣ ಕೆಲಸ ಮಾಡಂಗಿಲ್ಲ ಈಗ," ಎಂದು ಸೇರಿಸಿದರು.

ಬೆಳ್ಳಿ ಕೂರಿಸಿ ಮುಗಿದ ಮೇಲೆ ಮತ್ತೆ ಬಫಿಂಗ್. ಮೈಲುತುತ್ತದ ಕಪ್ಪು ಹೋಗಿ ಇಡೀ ವಸ್ತು ಬೆಳ್ಳಗಾಗುತ್ತದೆ. ಸತುವೂ ಬಿಳಿ, ಬೆಳ್ಳಿಯೂ ಬಿಳಿ. ವಾರಗಟ್ಟಲೆ ಕೆತ್ತಿದ ಬಳ್ಳಿ ಹತ್ತಿರ ಹಿಡಿದು ಓರೆ ಮಾಡಿದರೆ ಕಂಡಂತೆ, ನೇರ ಹಿಡಿದರೆ ಮಾಯವಾದಂತೆ. ನನಗೆ ಬಿದ್ರಿ ಅತ್ಯಂತ ಚೆಂದ ಕಂಡದ್ದು ಈ ಹಂತದಲ್ಲಿ. ಇದನ್ನು ಯಾರೂ ಮಾರುವುದಿಲ್ಲ, ಯಾರೂ ಫೋಟೊ ತೆಗೆಯುವುದೂ ಇಲ್ಲ. ಕೆಲಸ ಆಗಲೇ ಮುಗಿದಿದೆ, ಕಾಣುವುದು ಮಾತ್ರ ಬಾಕಿ.

ಈಗ ಮಣ್ಣು. ಕೋಟೆಯೊಳಗೆ ಬಿಸಿಲು ಮಳೆ ತಾಗದ ಹಳೆಯ ಕಟ್ಟಡಗಳ ಮಣ್ಣೇ ಬೇಕು ಎನ್ನುತ್ತಾರೆ. ಅನುಭವಿಗಳು ನಾಲಗೆಯ ತುದಿಗೆ ಇಟ್ಟು ರುಚಿ ನೋಡಿ ಆರಿಸುತ್ತಾರೆ. ಅದರಲ್ಲಿ ಮಂತ್ರವೇನಿಲ್ಲ. ಹಳೆಯ ಗೋಡೆ, ನೆರಳು, ಜನ ಜಾನುವಾರುಗಳ ವಾಸ ಇದ್ದ ಕಡೆಯ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶ ಕೂಡಿಕೊಳ್ಳುತ್ತದೆ. ಮಳೆ ಬಿದ್ದರೆ ಅದು ತೊಳೆದು ಹೋಗುತ್ತದೆ, ಆದ್ದರಿಂದಲೇ ನೆನೆಯದ ಮೂಲೆ ಬೇಕು. ಮದ್ದುಗುಂಡಿನ ಕಾಲದಲ್ಲಿ ಇಂಥದೇ ಮಣ್ಣಿನಿಂದ ಪೆಟ್ಲುಪ್ಪು ತೆಗೆಯುತ್ತಿದ್ದರು. ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಕೊಂಚ ಬೆಚ್ಚಗೆ ಮಾಡಿದ ವಸ್ತುವಿನ ಮೇಲೆ ಹಚ್ಚುತ್ತಾರೆ. ಕಣ್ಣೆದುರೇ ಬಿಳಿ ಮೈ ಕಂದಾಗಿ, ಆಮೇಲೆ ಇದ್ದಿಲಿನ ಕಪ್ಪಿಗೆ ತಿರುಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ತೊಳೆದು ಎಣ್ಣೆ ಸವರಿದರೆ ಕಪ್ಪು ಇನ್ನೂ ಗಾಢ. ಎರಕದಲ್ಲಿ ಹಾಕಿದ್ದ ಆ ಒಂದು ಪಾಲು ತಾಮ್ರ ಕೆಲಸ ಮಾಡುವುದು ಇಲ್ಲಿ. ಬರಿಯ ಸತುವಾಗಿದ್ದರೆ ಇಂಥ ಕಪ್ಪು ಹತ್ತುತ್ತಿರಲಿಲ್ಲ.

ನೋಡುವುದಕ್ಕೆ ಇದು ನಿಜಕ್ಕೂ ಸೊಗಸು, ಇಲ್ಲವೆನ್ನುವುದಿಲ್ಲ. ಆದರೆ ನಿಮಿಷಗಳ ಈ ಆಟ ದಿನಗಟ್ಟಲೆಯ ಕೆತ್ತನೆಯ ಹೆಸರನ್ನೆಲ್ಲ ಹೊಡೆದುಕೊಂಡಿದೆ. ಒಂದು ಕಾಲಕ್ಕೆ ಲಖನೌ, ಮುರ್ಶಿದಾಬಾದ್, ಬಿಹಾರದ ಪೂರ್ಣಿಯಾಗಳಲ್ಲೂ ಬಿದ್ರಿ ತಯಾರಾಗುತ್ತಿತ್ತು. ಅವರಿಗೆಲ್ಲ ಬೀದರ ಕೋಟೆಯ ಮಣ್ಣು ಎಲ್ಲಿಂದ ಬರಬೇಕು? ಕಪ್ಪು ಅಲ್ಲೂ ಹತ್ತಿತ್ತು. ಕಸುಬು ಮಾತ್ರ ಅಲ್ಲೆಲ್ಲ ಸೊರಗಿ, ಉಳಿದದ್ದು ಬೀದರದಲ್ಲಿ, ಪಕ್ಕದ ಹೈದರಾಬಾದಿನಲ್ಲಿ. ಮನೆತನಗಳು ಕಲಮನ್ನು ಕೆಳಗಿಡದೆ ಇದ್ದುದರಿಂದ ಉಳಿಯಿತೇ ಹೊರತು ಮಣ್ಣೊಂದರಿಂದಲ್ಲ ಎಂಬುದು ನನ್ನ ಎಣಿಕೆ. ಮಣ್ಣಿನ ಕಥೆ ಮಾರಾಟಕ್ಕೆ ಅನುಕೂಲ, ಅದನ್ನು ಹೇಳುವ ಅಂಗಡಿಯವರ ಮೇಲೆ ನನಗೆ ಸಿಟ್ಟೇನೂ ಇಲ್ಲ.

ಕೋಟೆಗೆ ಹೋಗಲೇಬೇಕು, ಮಣ್ಣಿಗಾಗಿ ಅಲ್ಲ, ರಂಗೀನ್ ಮಹಲಿಗಾಗಿ. ದಾರಿಯಲ್ಲಿ 1472ರ ಮದರಸಾ ಸಿಗುತ್ತದೆ. ಉಳಿದಿರುವ ಮಿನಾರಿನ ಮೇಲೆ ಬಣ್ಣದ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಕೋಟೆಯೊಳಗೆ ರಂಗೀನ್ ಮಹಲಿನ ಬಾಗಿಲಿಗೆ ಬೀಗವಿದ್ದರೆ ಕಾವಲಿನವರನ್ನು ಕೇಳಿ ತೆರೆಸಿಕೊಳ್ಳಿ. ಬರೀದ್ ಶಾಹಿ ದೊರೆ ಅಲಿ ಬರೀದನ ಕಾಲದ, ಅಂದರೆ 16ನೇ ಶತಮಾನದ ಕೆಲಸ ಅಲ್ಲಿದೆ. ಕರಿಕಲ್ಲಿನ ಚೌಕಟ್ಟಿನಲ್ಲಿ ಬಳ್ಳಿಯ ಆಕಾರ ಕೊರೆದು, ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಕಪ್ಪು ನೆಲ, ಹೊಳೆಯುವ ಬಿಳಿ ಬಳ್ಳಿ, ಗುಳಿ ತೋಡಿ ಇಳಿಸುವ ಅದೇ ವಿಧಾನ. ಬಿದ್ರಿ ಎಲ್ಲಿಂದ ಬಂತು ಎಂಬುದಕ್ಕೆ ಊರಲ್ಲೊಂದು ಐತಿಹ್ಯವಿದೆ: ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಇರಾನಿನಿಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಿಯನ್ನು ಕರೆಸಿದನಂತೆ. ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದವನು, 1422ರಿಂದ 1436ರವರೆಗೆ ಆಳಿದವನು. ಈಗ ಮ್ಯೂಸಿಯಂಗಳಲ್ಲಿ ಸಿಗುವ ಹಳೆಯ ಬಿದ್ರಿ ವಸ್ತುಗಳು ಹೆಚ್ಚುಕಡಿಮೆ 17ನೇ ಶತಮಾನದಿಂದ ಈಚಿನವು. ನಡುವಿನ ಖಾಲಿಯಲ್ಲಿ ನಿಂತು ರಂಗೀನ್ ಮಹಲಿನ ಆ ಚೌಕಟ್ಟನ್ನು ನೋಡಿದರೆ, ಐತಿಹ್ಯಕ್ಕಿಂತ ಅದೇ ಹೆಚ್ಚು ಮಾತಾಡುತ್ತದೆ.

ಹಳೆಯ ವಸ್ತುಗಳ ಪಟ್ಟಿ ನೋಡಿದರೆ ಒಂದು ಕಾಲದ ದಿವಾನಖಾನೆಯೇ ಎದುರು ನಿಲ್ಲುತ್ತದೆ. ಹುಕ್ಕಾದ ಬುಡ, ಪಾನದಾನ, ಪೀಕದಾನಿ, ಸುರಾಹಿ, ಜಮಖಾನೆ ಗಾಳಿಗೆ ಏಳದಂತೆ ನಾಲ್ಕು ಮೂಲೆಗೆ ಇಡುವ ಮೀರ್‌ಫರ್ಶ್. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಬಿದ್ರಿ ಸಂಗ್ರಹದಲ್ಲಿ ಇವನ್ನು ನೋಡಬಹುದು. ಬೀದರದಿಂದ ಹೈದರಾಬಾದ್ ಬರಿ 140 ಕಿಲೋಮೀಟರ್ ಆಸುಪಾಸು, ಬೆಂಗಳೂರಿಗಿಂತ ಎಷ್ಟೋ ಹತ್ತಿರ. ನವಾಬರು ಹೋದರು, ಹುಕ್ಕಾ ಹೋಯಿತು, ಪೀಕದಾನಿ ಯಾರಿಗೂ ಬೇಡ. ಓಣಿಯವರು ತಲೆಕೆಡಿಸಿಕೊಳ್ಳದೆ ಕೀ ಚೈನು, ಕಿವಿಯೋಲೆ, ಪೆನ್ನು, ಪೆನ್‌ಡ್ರೈವ್ ಕವಚಗಳಿಗೆ ಇಳಿದರು. ಸಭೆ ಸಮಾರಂಭಗಳ ಸ್ಮರಣಿಕೆಗಳಂತೂ ಈಗಿನ ದೊಡ್ಡ ಆಸರೆ. ಪೆನ್‌ಡ್ರೈವ್ ಕಂಡು ಮೂಗು ಮುರಿಯುವವರಿದ್ದಾರೆ. ಪೀಕದಾನಿಯಲ್ಲಿ ಇಲ್ಲದ ಯಾವ ಅಪವಿತ್ರತೆ ಪೆನ್‌ಡ್ರೈವಿನಲ್ಲಿದೆಯೋ ನನಗೆ ತಿಳಿಯದು.

2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. 2023ರಲ್ಲಿ ಇದೇ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಓಣಿಯಲ್ಲಿ ಆ ಹೆಮ್ಮೆ ಇದೆ. ಆದರೆ ದಿನನಿತ್ಯದ ಮಾತು ಬೆಳ್ಳಿಯ ದರದ್ದು. ಬೆಳಗ್ಗೆ ಚಹಾ ಕುಡಿಯುತ್ತ ಮೊಬೈಲಿನಲ್ಲಿ ನೋಡುವುದೇ ಅದು. ಗಿರಾಕಿ ಬೆಲೆ ಕೇಳಿದಾಗ ಬೆಳ್ಳಿಯ ತೂಕ ಹಿಡಿದು ಲೆಕ್ಕ ಹೇಳಬಹುದು, ಸತುವಿನ ಲೆಕ್ಕ ಹೇಳಬಹುದು. ಚೌಕಾಸಿ ಶುರುವಾದಾಗ ಇವೆರಡೂ ಕದಲುವುದಿಲ್ಲ, ಕದಲುವುದು ಮಜೂರಿ. ತುಂಡಿನ ಲೆಕ್ಕದಲ್ಲಿ ಕೆತ್ತುವವರಿಗೆ ಏಟು ಬೀಳುವುದು ಅಲ್ಲಿ. ಇನ್ನೊಂದು ಬದಲಾವಣೆಯನ್ನು ವಸ್ತುಗಳ ಮೇಲೆಯೇ ಓದಬಹುದು: ಮ್ಯೂಸಿಯಂನ ಹಳೆಯ ಹುಕ್ಕಾದಲ್ಲಿ ಬೆರಳಿಡಲೂ ಜಾಗವಿಲ್ಲದಷ್ಟು ಬೆಳ್ಳಿ, ಇಂದಿನ ಹೂದಾನಿಯಲ್ಲಿ ಸಣ್ಣ ತಂತಿಯ ನಾಲ್ಕು ಬಳ್ಳಿ, ಸುತ್ತ ವಿಶಾಲವಾದ ಕಪ್ಪು. ಕೆಲವರು ಇದನ್ನು ಆಧುನಿಕ ವಿನ್ಯಾಸ ಎಂದು ಮೆಚ್ಚುತ್ತಾರೆ. ಇರಬಹುದು.

ಕೆಲಸದ ಮನೆಗಳಲ್ಲಿ ಈಚೆಗೆ ಹೆಣ್ಣುಮಕ್ಕಳೂ ಕಲಮು ಹಿಡಿದಿದ್ದಾರೆ. ನಾನು ಕಂಡ ಒಬ್ಬಾಕೆಯ ಕೈ, ತಂತಿ ಕೂರಿಸುವುದರಲ್ಲಿ, ಪಕ್ಕದಲ್ಲಿದ್ದ ಗಂಡಸರಿಗಿಂತ ಚುರುಕಾಗಿತ್ತು. ಅವಳ ಮುಂದಿದ್ದ ಬಟ್ಟೆಯ ಮೇಲೆ ಬೆಳ್ಳಿಯ ತುಣುಕುಗಳು ಬೀಳುತ್ತಿದ್ದವು. ಅವನ್ನು ಗುಡಿಸಿ ಡಬ್ಬಿಗೆ ಹಾಕದೆ ಯಾರೂ ಜಾಗ ಬಿಟ್ಟು ಏಳುವಂತಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಬಣ್ಣ ಬಳಿದು ಕಪ್ಪು ಮಾಡಿದ ಅಗ್ಗದ ನಕಲುಗಳು ಇವೆ. ಕೆತ್ತನೆಯ ಅಂಚನ್ನು ಉಗುರಿನಿಂದ ಸವರಿ ನೋಡಿ: ಒಳ್ಳೆಯ ತಾರ್‌ಕಶಿಯಲ್ಲಿ ಬೆಳ್ಳಿ ಎಲ್ಲಿ ಮುಗಿಯಿತು, ಸತು ಎಲ್ಲಿ ಶುರುವಾಯಿತು ಎಂದು ಉಗುರಿಗೆ ಗೊತ್ತಾಗಬಾರದು. ಮನೆಗೆ ತಂದ ಮೇಲೆ ಹುಣಸೆಹಣ್ಣು, ನಿಂಬೆ, ಹಿತ್ತಾಳೆ ಬೆಳಗುವ ಪುಡಿ ಇವನ್ನು ಹತ್ತಿರ ತರಬೇಡಿ, ಕಪ್ಪು ಹೋಗಿಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಅಕಸ್ಮಾತ್ ಕಪ್ಪು ಮಂಕಾದರೆ ಚಿಂತೆಯಿಲ್ಲ, ಬೀದರಕ್ಕೆ ತಂದರೆ ಮತ್ತೆ ಮಣ್ಣು ಹಚ್ಚಿ ಕಪ್ಪು ಹತ್ತಿಸಿಕೊಡುತ್ತಾರೆ, ನೀವು ಮದರಸಾ ನೋಡಿಕೊಂಡು ಬರುವಷ್ಟರಲ್ಲಿ ಆಗಿರುತ್ತದೆ. ಬೆಳ್ಳಿಯ ತಂತಿ ಎದ್ದು ಬಂದಿದ್ದರೆ ಮಾತ್ರ ಅದು ಕಲಮಿನವರ ಬಳಿಗೇ ಹೋಗಬೇಕು. ಅವರ ಕೈಯಲ್ಲಿ ಬೇರೆ ಕೆಲಸ ಇದ್ದರೆ ವಸ್ತು ಬಿಟ್ಟು ಹೋಗಿ ಎನ್ನುತ್ತಾರೆ.