ವಿಹಾರನೌಕೆಯಲ್ಲಿ ಕೈಶುಚಿಯ ಎಚ್ಚರ

ವಿದೇಶದಲ್ಲಿರುವ ಮಕ್ಕಳೊಡನೆ ಕ್ರೂಸ್ ಹಡಗನ್ನೇರುವ ಹಿರಿಯರು ಒಂದು ಸಂಗತಿಯನ್ನು ಅರಿತಿರಬೇಕು. ಸಾವಿರಾರು ಜನರು ಒಂದೆಡೆ ಉಂಡು, ಅವವೇ ಮೆಟ್ಟಿಲ ಕಂಬಿಗಳನ್ನು ಹಿಡಿದು ಓಡಾಡುವ ಅಲ್ಲಿ ನೊರೊವೈರಸ್ ಶೀಘ್ರವಾಗಿ ಹರಡುತ್ತದೆ. ಸೋಂಕು ತಗುಲಿದ 12ರಿಂದ 48 ಗಂಟೆಗಳಲ್ಲಿ ವಾಂತಿಭೇದಿ ಆರಂಭವಾಗುತ್ತದೆ. ಬಹುತೇಕರು 1ರಿಂದ 3 ದಿನಗಳಲ್ಲಿ ಚೇತರಿಸಿಕೊಂಡರೂ, ವೃದ್ಧರಿಗೆ ಮತ್ತು ಶಿಶುಗಳಿಗೆ ದೇಹದ ನೀರಿನಂಶ ಬತ್ತಿ ಅಪಾಯವುಂಟಾಗಬಹುದು.

ಭೋಜನಶಾಲೆಯ ಬಾಗಿಲಲ್ಲಿರುವ ಸ್ಯಾನಿಟೈಸರ್ ಈ ವೈರಾಣುವಿನ ಮೇಲೆ ಅಷ್ಟಾಗಿ ಪರಿಣಾಮ ಬೀರದು. ಶೌಚದ ಅನಂತರ ಹಾಗೂ ಊಟಕ್ಕೆ ಮುನ್ನ ಸಾಬೂನು ಹಚ್ಚಿ, ಬೆರಳಸಂದು ಮತ್ತು ಉಗುರುಗಳನ್ನು ಕನಿಷ್ಠ 20 ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು.

ಪ್ರವಾಸ ಕೆಡುವುದೆಂದು ರೋಗವನ್ನು ಮುಚ್ಚಿಡದೆ ಹಡಗಿನ ವೈದ್ಯರಿಗೆ ತಿಳಿಸಿ, ಕೋಣೆಯಲ್ಲಿಯೇ ಉಳಿಯಿರಿ. ಗುಣವಾದ ಬಳಿಕವೂ ಎರಡು ವಾರ ಅಥವಾ ಇನ್ನೂ ಹೆಚ್ಚು ಕಾಲ ಮಲದಲ್ಲಿ ವೈರಾಣು ಇರಬಹುದಾದ್ದರಿಂದ, ಮನೆಗೆ ಮರಳಿದ ಮೇಲೂ ಈ ನಿಯಮವನ್ನು ಬಿಡಬಾರದು.