ಕೆಟ್ಟ ಜೀನು ಕಾಯ್ದ ಹೃದಯಗಳು

2001ರ ಫೆಬ್ರುವರಿಯಲ್ಲಿ ಮಾನವ ಜೀನೋಮಿನ ಕರಡು ಪ್ರಕಟವಾದಾಗ, ಇನ್ನೇನು ಹೊಸ ಔಷಧಗಳ ಸುರಿಮಳೆ ಆಗುತ್ತದೆಂದು ಬಹಳ ಮಂದಿ ನಂಬಿದ್ದರು. ಹಾಗಾಗಲಿಲ್ಲ. ಪ್ರೋಟೀನ್ ತಯಾರಿಸಲು ಸೂಚನೆ ಕೊಡುವ ಜೀನುಗಳು ನಮ್ಮಲ್ಲಿ ಸುಮಾರು 20 ಸಾವಿರ ಇವೆ. ಮಾರುಕಟ್ಟೆಯಲ್ಲಿರುವ ಔಷಧಗಳೆಲ್ಲ ಸೇರಿ ಕೈಯಿಡುವುದು ಅವುಗಳಲ್ಲಿ ಕೆಲವೇ ನೂರರ ಮೇಲೆ. ಉಳಿದವುಗಳ ಹೆಸರು ಗೊತ್ತಿದೆ, ಅಕ್ಷರಸಾಲೂ ಗೊತ್ತಿದೆ. ಯಾವುದನ್ನು ತಡೆದರೆ ಯಾವ ಕಾಯಿಲೆ ಹಿಡಿತಕ್ಕೆ ಬರುತ್ತದೆ, ತಡೆದಾಗ ಮತ್ತೇನು ಕೆಡುತ್ತದೆ ಎನ್ನುವುದನ್ನು ಹೇಳುವುದು ಕಷ್ಟ. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲುತ್ತದೆಂಬ ಖಾತರಿಯಿಲ್ಲ. ಮನುಷ್ಯರ ಮೇಲಿನ ಪ್ರಯೋಗದ ಹಂತ ಮುಟ್ಟಿದ ಹತ್ತು ಔಷಧಗಳಲ್ಲಿ ಹೆಚ್ಚುಕಮ್ಮಿ ಒಂಬತ್ತು ಸೋಲುತ್ತವೆ.

ಹಾಗಾದರೆ ಸರಿಯಾದ ಪ್ರೋಟೀನನ್ನು ಗುರುತಿಸುವುದು ಹೇಗೆ? ಪಿಸಿಎಸ್‌ಕೆ9 ಎಂಬ ಪ್ರೋಟೀನಿನ ಕಥೆಗಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಕೆನಡಾದ ಮಾಂಟ್ರಿಯಲ್‌ನಲ್ಲಿ ನಬಿಲ್ ಸೈದಾ ಎಂಬ ಜೀವರಸಾಯನ ವಿಜ್ಞಾನಿ ಒಂದು ಕಿಣ್ವಕುಟುಂಬದ ಬೆನ್ನು ಹತ್ತಿದ್ದರು. ಬೇರೆ ಪ್ರೋಟೀನುಗಳನ್ನು ಗೊತ್ತಾದ ಜಾಗದಲ್ಲಿ ಕತ್ತರಿಸಿ ಕೆಲಸಕ್ಕೆ ಹಚ್ಚುವ ಕಿಣ್ವಗಳವು. 2003ರಲ್ಲಿ ಅವರ ತಂಡ ಆ ಕುಟುಂಬದ ಒಂಬತ್ತನೆಯ ಸದಸ್ಯನನ್ನು ಪ್ರಕಟಿಸಿತು. ಯಕೃತ್ತಿನಲ್ಲಿ ಇದ್ದದ್ದು ನಿಜ, ಅಲ್ಲಿ ಏನು ಮಾಡುತ್ತದೆಂಬುದು ಅಸ್ಪಷ್ಟವಾಗಿತ್ತು. ಇದರ ಜೀನು ಒಂದನೆಯ ಕ್ರೋಮೋಸೋಮಿನಲ್ಲಿತ್ತು. ಅತ್ತ ಪ್ಯಾರಿಸ್‌ನಲ್ಲಿ ಕ್ಯಾಥರೀನ್ ಬ್ವಾಲೋ ಮತ್ತು ಮರಿಯಾನ್ ಅಬಿಫಡೆಲ್ ಕೆಲವು ಫ್ರೆಂಚ್ ಕುಟುಂಬಗಳನ್ನು ಪರೀಕ್ಷಿಸುತ್ತಿದ್ದರು. ಆ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕೊಲೆಸ್ಟರಾಲ್ ವಿಪರೀತ. ಅದಕ್ಕೆ ಕಾರಣವೆಂದು ಅಲ್ಲಿಯವರೆಗೆ ಗೊತ್ತಿದ್ದ ಎರಡು ಜೀನುಗಳು ಮಾತ್ರ ಸರಿಯಾಗಿಯೇ ಇದ್ದವು. ಅನುಮಾನ ಬಿದ್ದದ್ದು ಅದೇ ಒಂದನೆಯ ಕ್ರೋಮೋಸೋಮಿನ ಅದೇ ತುಂಡಿನ ಮೇಲೆ. ಎರಡು ತಂಡಗಳೂ ಕೈಜೋಡಿಸಿ, ಆ ಕುಟುಂಬಗಳಲ್ಲಿ ಪಿಸಿಎಸ್‌ಕೆ9 ಅತಿ ಚುರುಕಾಗಿದೆ ಎಂದು ಅದೇ ವರ್ಷ ತೋರಿಸಿದವು.

ಅತಿ ಚುರುಕಾದರೆ ಕೊಲೆಸ್ಟರಾಲ್ ಏರುತ್ತದೆ ಎಂದಾದರೆ, ಕೆಟ್ಟು ಕುಳಿತರೆ ಇಳಿಯಬೇಕಲ್ಲ? ಈ ಪ್ರಶ್ನೆ ಹಿಡಿದು ಹೊರಟವರು ಅಮೆರಿಕದ ಡಲ್ಲಾಸ್‌ನ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್. ಅವರು ರೋಗಿಗಳ ಬದಲು ಆ ಊರಿನ ಸಾಮಾನ್ಯ ಜನರಲ್ಲಿ, ಅದರಲ್ಲೂ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟರಾಲ್, ತೀರ ಕಡಿಮೆಯಿದ್ದವರಲ್ಲಿ ಹುಡುಕಿದರು. 2005ರಲ್ಲಿ ಉತ್ತರ ಸಿಕ್ಕಿತು. ಆಫ್ರಿಕನ್ ಅಮೆರಿಕನ್ನರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಈ ಜೀನಿನ ಒಂದು ಪ್ರತಿ ಪೂರ್ತಿ ಕೆಟ್ಟಿತ್ತು, ಅವರ ಎಲ್‌ಡಿಎಲ್ ಉಳಿದವರಿಗಿಂತ ಶೇಕಡ 40ರಷ್ಟು ಕಡಿಮೆಯಿತ್ತು. ಇವೇ ದೋಷಗಳು ಬಿಳಿಯರಲ್ಲಿ ಅತ್ಯಂತ ವಿರಳ. ಬಿಳಿಯರನ್ನಷ್ಟೇ ಪರೀಕ್ಷಿಸಿದ್ದರೆ ಈ ಸುಳಿವು ಕೈತಪ್ಪುತ್ತಿತ್ತು ಎಂಬುದನ್ನು ನಾವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಕೊಲೆಸ್ಟರಾಲ್ ಕಡಿಮೆಯಿದ್ದ ಮಾತ್ರಕ್ಕೆ ಹೃದಯ ಉಳಿಯಿತೇ? ಅದಕ್ಕೆ ಉತ್ತರ ಕೊಟ್ಟಿದ್ದು ಅಮೆರಿಕದ ನಾಲ್ಕು ಪ್ರದೇಶಗಳ ನಡುವಯಸ್ಸಿನ ಜನರನ್ನು ವರ್ಷಗಳಿಂದ ಹಿಂಬಾಲಿಸುತ್ತಿದ್ದ ಇನ್ನೊಂದು ಅಧ್ಯಯನ. ಜೀನು ಕೆಟ್ಟಿದ್ದ ಕಪ್ಪು ವರ್ಣೀಯರಲ್ಲಿ ಎಲ್‌ಡಿಎಲ್ ಸರಾಸರಿ ಶೇಕಡ 28ರಷ್ಟು ಕಡಿಮೆ; 15 ವರ್ಷಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಮಾತ್ರ ಶೇಕಡ 88ರಷ್ಟು ಕಡಿಮೆ! 2006ರಲ್ಲಿ ಪ್ರಕಟವಾದ ಈ ಅಂಕಿಯನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಐವತ್ತು ದಾಟಿದ ಮೇಲೆ ಮಾತ್ರೆ ನುಂಗಿ ಇಷ್ಟೇ ಇಳಿಸಿದರೂ ಇಂಥ ಲಾಭ ಸಿಗದು. ಇವರದು ಹುಟ್ಟಿದಂದಿನಿಂದ ಕಡಿಮೆಯಿದ್ದ ಕೊಲೆಸ್ಟರಾಲ್. ರಕ್ತನಾಳದ ಗೋಡೆಯಲ್ಲಿ ಅದು ಮೆತ್ತಿಕೊಳ್ಳುವುದಕ್ಕೆ ದಶಕಗಳ ಕಾಲ ಅವಕಾಶವೇ ಸಿಕ್ಕಿರಲಿಲ್ಲ.

ಇಷ್ಟಾದರೂ ಔಷಧ ತಯಾರಕರಿಗೆ ಒಂದು ಭಯ ಉಳಿದಿತ್ತು. ಈ ಪ್ರೋಟೀನನ್ನು ಪೂರ್ತಿ ಇಲ್ಲವಾಗಿಸಿದರೆ ಮನುಷ್ಯ ಬದುಕಬಲ್ಲನೇ? ಡಲ್ಲಾಸ್ ತಂಡಕ್ಕೆ 32 ವರ್ಷದ ಒಬ್ಬ ಮಹಿಳೆ ಸಿಕ್ಕರು. ತಂದೆಯಿಂದ ಬಂದ ಪ್ರತಿಯೂ ಕೆಟ್ಟಿದೆ, ತಾಯಿಯಿಂದ ಬಂದದ್ದೂ ಕೆಟ್ಟಿದೆ. ರಕ್ತದಲ್ಲಿ ಪಿಸಿಎಸ್‌ಕೆ9 ಲವಲೇಶವೂ ಕಾಣಲಿಲ್ಲ. ಎಲ್‌ಡಿಎಲ್ ಕೇವಲ 14. ನಮ್ಮ ಲ್ಯಾಬ್ ವರದಿಗಳಲ್ಲಿ 100ರ ಒಳಗಿದ್ದರೆ ಒಳ್ಳೆಯದೆಂದು ಅಚ್ಚಾಗಿರುತ್ತದೆ. ಆಕೆ ಆರೋಗ್ಯವಾಗಿದ್ದರು, ಓದಿಕೊಂಡಿದ್ದರು, ತಾಯಿಯೂ ಆಗಿದ್ದರು. ಯಕೃತ್ತು, ಮೂತ್ರಪಿಂಡಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ಯಾವ ಪ್ರಯೋಗಾಲಯವೂ ಕೊಡಲಾಗದ ಅಭಯವನ್ನು ಈ ಒಂದು ರಕ್ತದ ಮಾದರಿ ಕೊಟ್ಟಿತು.

ಇನ್ನು ಈ ಪ್ರೋಟೀನಿನ ಕೆಲಸಕ್ಕೆ ಬರೋಣ. ಎಲ್‌ಡಿಎಲ್ ಎಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಕಣ. ಅದನ್ನು ಹಿಡಿದು ಒಳಗೊಯ್ಯುವ ಗ್ರಾಹಿಗಳು ಯಕೃತ್ತಿನ ಕೋಶಗಳ ಹೊರಮೈಯಲ್ಲಿ ನಿಂತಿರುತ್ತವೆ. ಈ ಗ್ರಾಹಿಯನ್ನು ಪತ್ತೆಹಚ್ಚಿದ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಕೂಡ ಡಲ್ಲಾಸ್‌ನವರೇ, 1985ರಲ್ಲಿ ನೊಬೆಲ್ ಪಡೆದವರು. ಕಣವನ್ನು ಹಿಡಿದ ಗ್ರಾಹಿ ಕೋಶದೊಳಗಿನ ಆಮ್ಲೀಯ ಚೀಲವೊಂದಕ್ಕೆ ಇಳಿಯುತ್ತದೆ. ಅಲ್ಲಿ ಮಡಚಿಕೊಂಡು ಕಣವನ್ನು ಬಿಟ್ಟುಕೊಟ್ಟು, ತಾನು ಮತ್ತೆ ಹೊರಮೈಗೆ ಬರುತ್ತದೆ. ಒಂದು ಸುತ್ತಿಗೆ ಸುಮಾರು ಹತ್ತು ನಿಮಿಷ. ಊರೂರು ಸುತ್ತಿ ಡೈರಿಗೆ ಹಾಲು ತಂದು ಸುರಿದು, ಖಾಲಿ ಕ್ಯಾನುಗಳೊಂದಿಗೆ ಮತ್ತೆ ಹೊರಡುವ ಹಾಲಿನ ಗಾಡಿಯ ಹಾಗೆ ಒಂದೇ ಗ್ರಾಹಿ ನೂರಕ್ಕೂ ಹೆಚ್ಚು ಸಲ ಓಡಾಡುತ್ತದೆ. ಪಿಸಿಎಸ್‌ಕೆ9 ಬಂದು ಅಂಟಿಕೊಂಡರೆ ಆ ಗಾಡಿ ನೇರ ಗುಜರಿಗೆ. ಆಮ್ಲದಲ್ಲಿ ಅದರ ಹಿಡಿತ ಇನ್ನಷ್ಟು ಬಿಗಿಯಾಗಿ, ಗ್ರಾಹಿ ಮಡಚಿಕೊಳ್ಳಲಾಗದೆ ಕಣದ ಜೊತೆಗೆ ತಾನೂ ನಾಶವಾಗುತ್ತದೆ. ಕತ್ತರಿಸುವ ಕಿಣ್ವಗಳ ವಂಶದಲ್ಲಿ ಹುಟ್ಟಿದರೂ ಇದು ಗ್ರಾಹಿಯನ್ನು ಕತ್ತರಿಸುವುದೇ ಇಲ್ಲ. ತನ್ನನ್ನು ತಾನು ಒಮ್ಮೆ ಕತ್ತರಿಸಿಕೊಂಡು ರಕ್ತಕ್ಕೆ ಇಳಿಯುತ್ತದೆ, ಮುಂದಿನದೆಲ್ಲ ಅಂಟುವ ಕೆಲಸ.

ಕೊಲೆಸ್ಟರಾಲ್ ಇಳಿಸಲು ಕೊಡುವ ಸ್ಟಾಟಿನ್ ಮಾತ್ರೆಯ ಪ್ರಮಾಣವನ್ನು ಎರಡು ಪಟ್ಟು ಮಾಡಿದರೂ ಎಲ್‌ಡಿಎಲ್ ಇನ್ನೊಂದು ಆರು ಶೇಕಡವಷ್ಟೇ ಇಳಿಯುವುದು ಏಕೆಂಬ ಹಳೆಯ ಒಗಟಿಗೂ ಇಲ್ಲಿ ಒಂದು ಉತ್ತರವಿದೆ. ಸ್ಟಾಟಿನ್ ಗ್ರಾಹಿಗಳನ್ನು ಹೆಚ್ಚಿಸುವ ಜೊತೆಗೆ ಪಿಸಿಎಸ್‌ಕೆ9 ಅನ್ನೂ ಹೆಚ್ಚಿಸುತ್ತದೆ.

ರಕ್ತದಲ್ಲಿ ತೇಲುವ ಪ್ರೋಟೀನನ್ನು ಪ್ರತಿಕಾಯದಿಂದ ಹಿಡಿಯಬಹುದು. 2015ರಲ್ಲಿ ಅಲಿರೊಕ್ಯುಮಾಬ್ ಮತ್ತು ಇವೊಲೊಕ್ಯುಮಾಬ್ ಎಂಬ ಎರಡು ಚುಚ್ಚುಮದ್ದುಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎಲ್‌ಡಿಎಲ್ ಶೇಕಡ 60ರಷ್ಟು ಇಳಿಯಿತು. ಆಮೇಲೆ ಬಂದ ಇನ್‌ಕ್ಲಿಸಿರಾನ್ ಯಕೃತ್ತಿನಲ್ಲಿ ಈ ಪ್ರೋಟೀನು ತಯಾರಾಗದಂತೆಯೇ ತಡೆಯುತ್ತದೆ. ಆರಂಭದ ಡೋಸುಗಳ ನಂತರ ಆರು ತಿಂಗಳಿಗೊಂದು ಚುಚ್ಚುಮದ್ದು ಸಾಕು. ಜೀನು ಗೊತ್ತಾಗಿ ಔಷಧ ಬರಲು 12 ವರ್ಷ. ಔಷಧ ಲೋಕದ ಲೆಕ್ಕದಲ್ಲಿ ಇದು ಶರವೇಗ. ಬೆಲೆಯೂ ಹಾಗೆಯೇ ಏರಿತ್ತು, ಆರಂಭದಲ್ಲಿ ವರ್ಷಕ್ಕೆ ಸುಮಾರು 14 ಸಾವಿರ ಡಾಲರ್. ಮುಂದೆ ಇಳಿಸಿದರೂ ಬಡದೇಶಗಳ ಹೃದ್ರೋಗಿಗಳಿಗೆ ಈ ಔಷಧಗಳು ಇನ್ನೂ ದೂರವೇ, ಇದು ನನ್ನನ್ನು ಕಾಡುತ್ತದೆ.

ಇದು ಒಂದು ಜೀನಿನ ಅದೃಷ್ಟವಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಮಾನವ ಜೀನುಗಳ ಸಾಕ್ಷ್ಯವಿರುವ ಔಷಧಗಳು ಪ್ರಯೋಗಗಳಲ್ಲಿ ಗೆದ್ದು ಬರುವ ಸಾಧ್ಯತೆ ಉಳಿದವಕ್ಕಿಂತ 2.6 ಪಟ್ಟು ಹೆಚ್ಚೆಂದು 2024ರ ವಿಶ್ಲೇಷಣೆಯೊಂದು ತೋರಿಸಿತು. ಹೀಗಾಗಿ ಎರಡೂ ಪ್ರತಿ ಕೆಟ್ಟಿರುವ ಆರೋಗ್ಯವಂತರನ್ನು ಹುಡುಕುವುದೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಸಂಬಂಧದಲ್ಲೇ ಮದುವೆಯಾಗುವ ಸಮುದಾಯಗಳಲ್ಲಿ ಇಂಥವರು ಹೆಚ್ಚು. ಪಾಕಿಸ್ತಾನದಲ್ಲಿ 10,503 ಜನರನ್ನು ಪರೀಕ್ಷಿಸಿದಾಗ, ಒಬ್ಬರಲ್ಲಾದರೂ ಎರಡೂ ಪ್ರತಿ ಕೆಟ್ಟಿರುವ 1,317 ಜೀನುಗಳು ಸಿಕ್ಕವು. ಒಂದು ಮನೆಯಲ್ಲಿ ಗಂಡ, ಹೆಂಡತಿ, ಒಂಬತ್ತು ಮಕ್ಕಳು, ಎಲ್ಲರಲ್ಲೂ ಎಪಿಒಸಿ3 ಎಂಬ ಜೀನು ಪೂರ್ತಿ ಕೆಟ್ಟಿತ್ತು. ಆ ಕುಟುಂಬದವರಿಗೆ ಕೊಬ್ಬು ತುಂಬಿದ ಆಹಾರ ಕೊಟ್ಟು ರಕ್ತ ಪರೀಕ್ಷಿಸಿದರು, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚುಕಮ್ಮಿ ಏರಲೇ ಇಲ್ಲ. ಅದೇ ಪ್ರೋಟೀನನ್ನು ತಗ್ಗಿಸುವ ಒಲೆಜಾರ್ಸೆನ್, ಟ್ರೈಗ್ಲಿಸರೈಡ್ ವಿಪರೀತ ಏರುವ ವಿರಳ ಆನುವಂಶಿಕ ಕಾಯಿಲೆಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ.

ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಮನೆಗಳಲ್ಲೂ ಇಂಥ ಸುಳಿವುಗಳು ಇದ್ದೇ ಇರಬೇಕು. ಅಂಥ ಮದುವೆಗಳಲ್ಲಿ ಮಕ್ಕಳಿಗೆ ಆನುವಂಶಿಕ ಕಾಯಿಲೆ ಬರುವ ಅಪಾಯ ಹೆಚ್ಚು, ಅದನ್ನು ಹಗುರ ಮಾಡಬಾರದು. ಆದರೆ ಈಗಾಗಲೇ ಹುಟ್ಟಿ ಬೆಳೆದವರಲ್ಲಿ ಯಾರೋ ಒಬ್ಬರಿಗೆ ಎಪ್ಪತ್ತಾದರೂ ಸಕ್ಕರೆ ಕಾಯಿಲೆ ಸುಳಿಯದಿರುವುದು ಏಕೆಂದು ಕೇಳುವವರೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ದೇಶದ ಸುಮಾರು 10 ಸಾವಿರ ಜನರ ಜೀನೋಮ್ ಓದಿದೆ, 2025ರ ಜನವರಿಯಲ್ಲಿ ಅದರ ಮಾಹಿತಿ ಸಂಶೋಧಕರಿಗೆ ತೆರೆದುಕೊಂಡಿದೆ. ಜೀನೋಮ್ ಓದಿದರೆ ಅರ್ಧ ಕೆಲಸವಾಯಿತು. ಶೇಕಡ 88 ಎಂಬ ಆ ಅಂಕಿ ಹುಟ್ಟಿದ್ದು ಅದೇ ಜನರ ಆರೋಗ್ಯವನ್ನು 15 ವರ್ಷ ಬಿಡದೆ ಬರೆದಿಟ್ಟಿದ್ದರಿಂದ. ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ಹೀಗೆ ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಹೃದಯಕ್ಕೂ, ಸಕ್ಕರೆ ಕಾಯಿಲೆಗೂ, ಮೂತ್ರಪಿಂಡಕ್ಕೂ ಇಂಥದೇ ಅಧ್ಯಯನಗಳು ಇನ್ನಷ್ಟು ತಾಲ್ಲೂಕುಗಳಲ್ಲಿ ಬೇಕು. ರಕ್ತ ಕೊಟ್ಟ ಹಳ್ಳಿಯವರಿಗೆ ಅದರಿಂದ ಹುಟ್ಟುವ ಔಷಧ ಕೈಗೆಟಕುವ ಬೆಲೆಗೆ ಸಿಗಬೇಕೆಂಬ ಷರತ್ತನ್ನು ಒಪ್ಪಿಗೆ ಪತ್ರದಲ್ಲಿ ಮೊದಲ ದಿನವೇ ಬರೆದಿಡಬೇಕು.