ಯೋಗ್ಯತೆಯ ನಿರ್ಣಯ

ಸಾಹಸಕಾರ್ಯವೊಂದನ್ನು ಕೈಗೊಳ್ಳುವ ನಾಯಕನಿಗೆ ಆಯುಧಗಳ ಆಯ್ಕೆಗಿಂತ ಸಂಗಡಿಗರ ಆಯ್ಕೆಯೇ ಕಠಿಣವಾದುದು. ಆಯುಧದ ಗುಣವನ್ನು ಒಮ್ಮೆ ಪರೀಕ್ಷಿಸಿ ತಿಳಿಯಬಹುದು. ಮನುಷ್ಯನ ಯೋಗ್ಯತೆಯನ್ನು ಅಷ್ಟು ಸುಲಭವಾಗಿ ಅಳೆಯಲಾಗದು. ‘ಇವನು ಸಮರ್ಥನೇ?’ ಎಂದು ನಾವು ಕೇಳುತ್ತೇವೆ. ಆದರೆ ‘ಯಾವ ಕೆಲಸಕ್ಕೆ?’ ಎಂಬ ಮಾತನ್ನು ಅದಕ್ಕೆ ಸೇರಿಸದಿದ್ದರೆ ಆ ಪ್ರಶ್ನೆ ಅಪೂರ್ಣವಾಗಿಯೇ ಉಳಿಯುತ್ತದೆ. ಈ ಸಂಗತಿಯನ್ನು ವಿಡಿಯೋ ಆಟವೊಂದು ಬಹು ಸ್ಪಷ್ಟವಾಗಿ ತೋರಿಸಿಕೊಟ್ಟಿದೆ.

ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆಯು 2010ರಲ್ಲಿ ‘ಮಾಸ್ ಎಫೆಕ್ಟ್ 2’ ಎಂಬ ಆಟವನ್ನು ಹೊರತಂದಿತು. ಅದು ಹದಿನೇಳು ವರ್ಷ ತುಂಬಿದವರಿಗೆಂದು ರಚಿತವಾದುದು. ಆದರೂ ಅದರ ಕಥೆಯ ಹಂದರವನ್ನು ತಿಳಿಯಲು ಆಟವನ್ನು ಆಡಬೇಕಾಗಿಲ್ಲ. ಕಲೆಕ್ಟರ್ಸ್ ಎಂಬ ಶತ್ರುಗಳು ದೂರದ ಗ್ರಹಗಳಲ್ಲಿ ನೆಲೆಸಿದ ಮಾನವರನ್ನು ಅಪಹರಿಸುತ್ತಿರುತ್ತಾರೆ. ಶೆಪರ್ಡ್ ಎಂಬ ಸೇನಾಧಿಕಾರಿ ನಾರ್ಮಂಡಿ ಎಂಬ ವ್ಯೋಮನೌಕೆಯಲ್ಲಿ ಹೊರಟು, ಅವರ ನೆಲೆಯನ್ನೇ ಹೊಕ್ಕು ನಾಶಪಡಿಸಬೇಕು. ಅಲ್ಲಿಗೆ ಹೋದವರು ಮರಳುವ ಭರವಸೆಯಿಲ್ಲ. ಇಂತಹ ಕಾರ್ಯಕ್ಕೆ ಹೆಚ್ಚೆಂದರೆ 12 ಮಂದಿ ಸಂಗಡಿಗರನ್ನು ಕೂಡಿಸಿಕೊಳ್ಳಬಹುದು. ಅವರಲ್ಲಿ ಸೈನಿಕರುಂಟು, ವಿಜ್ಞಾನಿಯುಂಟು, ಯಂತ್ರನಿಪುಣರುಂಟು, ಕಳ್ಳಿಯೊಬ್ಬಳೂ ಉಂಟು. ಎಲ್ಲರೂ ತಮ್ಮ ತಮ್ಮ ವಿದ್ಯೆಯಲ್ಲಿ ಅಸಾಧಾರಣರೇ. ಹಾಗಿದ್ದರೂ ಆಯ್ಕೆ ತಪ್ಪಿದರೆ ಪ್ರಾಣಹಾನಿ ನಿಶ್ಚಿತ.

ಶತ್ರುಗಳ ನೆಲೆಯಲ್ಲಿ ಮೊದಲು ಒಬ್ಬರು ಕಿರಿದಾದ ಕೊಳವೆಯೊಳಗೆ ನುಸುಳಿ ಬಾಗಿಲುಗಳನ್ನು ತೆರೆಯಬೇಕು. ಜೇಕಬ್ ಎಂಬ ಸೈನಿಕನು ‘ನಾನು ಹೋಗುವೆನು’ ಎಂದು ತಾನಾಗಿಯೇ ಮುಂದೆ ಬರುತ್ತಾನೆ. ಅವನ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಅಲ್ಲಿ ಬೇಕಾದುದು ಯಂತ್ರಜ್ಞಾನ. ಟಾಲಿ, ಲೀಜನ್ ಅಥವಾ ಕಸೂಮಿ, ಈ ಮೂವರು ಮಾತ್ರ ಆ ಕೆಲಸಕ್ಕೆ ತಕ್ಕವರು. ಮುಂದೆ, ಮುತ್ತಿಕೊಳ್ಳುವ ಕೀಟಗಳ ಹಿಂಡಿನಿಂದ ತಂಡವನ್ನು ಕಾಪಾಡಲು ಶಕ್ತಿಯ ಕವಚವೊಂದನ್ನು ಎತ್ತಿಹಿಡಿಯಬೇಕಾಗುತ್ತದೆ. ಆಗ ಮಿರಾಂಡಾ ಮುಂದೆ ಬರುತ್ತಾಳೆ. ಆ ಶಕ್ತಿ ಅವಳಲ್ಲಿ ಇಲ್ಲದಿಲ್ಲ. ಆದರೆ ಬೇಕಾದಷ್ಟು ಇಲ್ಲ. ಜ್ಯಾಕ್ ಅಥವಾ ಸಮಾರಾ ಆ ಭಾರವನ್ನು ಹೊರಬಲ್ಲರು. ಇದರಿಂದ ತಿಳಿಯುವುದೇನೆಂದರೆ, ಉತ್ಸಾಹ ಬೇರೆ, ಸಾಮರ್ಥ್ಯ ಬೇರೆ. ಮುಂದೆ ಬಂದವನನ್ನೆಲ್ಲ ಯೋಗ್ಯನೆಂದು ಒಪ್ಪಿಕೊಳ್ಳುವುದು ಸೌಜನ್ಯವೆನಿಸಬಹುದು, ವಿವೇಕವೆನಿಸದು. ಅದೇ ಜೇಕಬ್, ಅದೇ ಮಿರಾಂಡಾ ಸೈನಿಕ ತುಕಡಿಯೊಂದನ್ನು ನಡೆಸಲು ನಿಂತರೆ ಗ್ಯಾರಸನಂತೆಯೇ ಸಮರ್ಥರು. ಅವರು ಅಯೋಗ್ಯರಲ್ಲ, ಅವರ ಸ್ಥಾನ ಬೇರೆ.

ಇಲ್ಲಿ ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕವಚವನ್ನು ಹಿಡಿಯಲು ಅಸಮರ್ಥರಾದವರನ್ನು ನೇಮಿಸಿದರೆ ಸಾಯುವವರು ಅವರಲ್ಲ. ನಾಯಕನ ಪಕ್ಕದಲ್ಲಿ ನಡೆಯುತ್ತಿದ್ದ ಮತ್ತೊಬ್ಬರನ್ನು ಕೀಟಗಳು ಎಳೆದೊಯ್ಯುತ್ತವೆ. ಮೊದಲ ಹಂತದಲ್ಲಿ ತುಕಡಿಯ ಮುಂದಾಳು ತಕ್ಕವನಲ್ಲದಿದ್ದರೆ, ಕೊಳವೆಯೊಳಗಿಂದ ಬಂದು ಕೆಲಸವನ್ನು ಸರಿಯಾಗಿಯೇ ಮುಗಿಸಿದ ಯಂತ್ರನಿಪುಣರು ಬಲಿಯಾಗುತ್ತಾರೆ. ಒಬ್ಬರ ಅಯೋಗ್ಯತೆಗೆ ಇನ್ನೊಬ್ಬರು ಬೆಲೆ ತೆರಬೇಕಾಗುತ್ತದೆ. ಆದುದರಿಂದ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಮಾಡಿದ ನೇಮಕವು ಕೇವಲ ಉದಾರತೆಯ ವಿಷಯವಲ್ಲ. ಅದು ಪರರ ಪ್ರಾಣವನ್ನು ಪಣವಾಗಿ ಒಡ್ಡಿದಂತೆ.

ಸಾಮರ್ಥ್ಯವೊಂದೇ ಸಾಲದು. ಪ್ರತಿಯೊಬ್ಬ ಸಂಗಡಿಗನ ಮನಸ್ಸಿನಲ್ಲಿಯೂ ಬಗೆಹರಿಯದ ಚಿಂತೆಯೊಂದಿದೆ. ಟಾಲಿಯ ಮೇಲೆ ಸ್ವಜನರೇ ದ್ರೋಹದ ಆರೋಪ ಹೊರಿಸಿದ್ದಾರೆ. ಗ್ಯಾರಸನ ತಂಡವನ್ನು ಅವನ ಜೊತೆಗಾರನೊಬ್ಬನು ಶತ್ರುಗಳಿಗೆ ಒಪ್ಪಿಸಿದ್ದಾನೆ. ನಾಯಕನು ಅವರೊಡನೆ ಹೋಗಿ ಆ ತೊಡಕನ್ನು ಬಿಡಿಸಿಕೊಟ್ಟರೆ ಅವರ ನಿಷ್ಠೆ ಅವನದಾಗುತ್ತದೆ. ಹಾಗೆ ಮಾಡದೆ ಕರೆದೊಯ್ದರೆ, ಯಂತ್ರವಿದ್ಯೆಯಲ್ಲಿ ಎಣೆಯಿಲ್ಲದ ಟಾಲಿಯೂ ಆ ಕೊಳವೆಯ ಕೆಲಸದಲ್ಲಿ ಪ್ರಾಣ ಕಳೆದುಕೊಳ್ಳುತ್ತಾಳೆ. ಚಿತ್ತ ಚಂಚಲವಾಗಿರುವಾಗ ಕೈಯ ಕುಶಲತೆ ಪೂರ್ಣ ಫಲ ನೀಡದು ಎಂಬುದು ಇದರ ತಾತ್ಪರ್ಯ.

ಕೊನೆಯ ಹಂತದಲ್ಲಿ ನಾಯಕನು ಇಬ್ಬರನ್ನು ತನ್ನೊಡನೆ ಕರೆದೊಯ್ದು, ಉಳಿದವರನ್ನು ಬಾಗಿಲ ಕಾವಲಿಗೆ ನಿಲ್ಲಿಸುತ್ತಾನೆ. ಇಲ್ಲಿ ಒಂದು ಗಣಿತವಿದೆ. ನಿಷ್ಠೆ ದೊರೆತವರಲ್ಲಿ ಗ್ರಂಟ್ ಮತ್ತು ಗ್ಯಾರಸರ ರಕ್ಷಣಾಬಲ ತಲಾ 4. ಥೇನ್ ಮತ್ತು ಸಮಾರಾರದು ತಲಾ 2. ಟಾಲಿ, ಜ್ಯಾಕ್ ಮತ್ತು ಮಾರ್ಡಿನರದು ತಲಾ 1. ಕಾವಲಿನಲ್ಲಿ ಐವರಿದ್ದರೆ ಅವರ ಸರಾಸರಿ 2ಕ್ಕಿಂತ ಕಡಿಮೆಯಾಗಬಾರದು. ಗ್ರಂಟ್, ಗ್ಯಾರಸ್, ಟಾಲಿ, ಜ್ಯಾಕ್, ಮಾರ್ಡಿನ್ ನಿಂತರೆ ಒಟ್ಟು 11, ಸರಾಸರಿ 2.2, ಎಲ್ಲರೂ ಉಳಿಯುತ್ತಾರೆ. ಬಲಶಾಲಿಗಳು ತನ್ನ ಪಕ್ಕದಲ್ಲಿಯೇ ಇರಲೆಂದು ನಾಯಕನು ಗ್ರಂಟ್ ಮತ್ತು ಗ್ಯಾರಸರನ್ನು ಕರೆದೊಯ್ದು, ಅವರ ಸ್ಥಾನದಲ್ಲಿ ಥೇನ್ ಮತ್ತು ಸಮಾರಾರನ್ನು ನಿಲ್ಲಿಸಿದರೆ ಒಟ್ಟು 7, ಸರಾಸರಿ 1.4. ಆಗ ಸಾವು ತಪ್ಪದು. ಮೊದಲು ಬೀಳುವವನು ಮಾರ್ಡಿನ್. ಈ ಅಂಕಗಳನ್ನು ಆಟವು ಪರದೆಯ ಮೇಲೆ ತೋರಿಸುವುದಿಲ್ಲ. ಸಂಗಡಿಗರ ಪೂರ್ವವೃತ್ತಾಂತವನ್ನು ಓದಿ, ಅವರೊಡನೆ ಮಾತನಾಡಿ, ಕೆಲಸದಲ್ಲಿ ಅವರನ್ನು ಕಂಡು ನಾಯಕನೇ ಊಹಿಸಿಕೊಳ್ಳಬೇಕು.

ಹಾಗಾದರೆ 1 ಅಂಕದ ಮಾರ್ಡಿನ್ ನಿರುಪಯೋಗಿಯೇ? ಅಲ್ಲ. ಶತ್ರುಗಳ ಕೀಟಗಳಿಂದ ರಕ್ಷಣೆ ಪಡೆಯುವ ಉಪಾಯವನ್ನು ಮೊದಲು ಕಂಡುಹಿಡಿದ ವಿಜ್ಞಾನಿ ಅವನೇ. ಅವನಿಲ್ಲದಿದ್ದರೆ ತಂಡವು ಶತ್ರುಗಳನ್ನು ಎದುರಿಸಲು ಶಕ್ತವಾಗುತ್ತಿರಲಿಲ್ಲ. ಸೆರೆಯಿಂದ ಬಿಡಿಸಿದ ನೌಕಾಸಿಬ್ಬಂದಿಯನ್ನು ಹಿಂದಕ್ಕೆ ಕರೆದೊಯ್ಯುವ ಹೊಣೆಯನ್ನು ಅವನಿಗೆ ವಹಿಸಿದರೆ, ಅವನ ನಿಷ್ಠೆ ದೊರೆತಿರುವ ಪಕ್ಷದಲ್ಲಿ, ಅವನೂ ಉಳಿಯುತ್ತಾನೆ, ಅವರೂ ಉಳಿಯುತ್ತಾರೆ.

ಈ ವಿಚಾರ ಹೊಸತೇನೂ ಅಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಬಗೆಯ ಪರೀಕ್ಷೆಗಳಿಗೆ ಒಳಪಡಿಸಬೇಕೆಂದು ಹೇಳಿದ್ದಾನೆ. ಧರ್ಮದ ಪರೀಕ್ಷೆಯಲ್ಲಿ ಶುದ್ಧನಾದವನಿಗೆ ನ್ಯಾಯದ ಕೆಲಸ, ಅರ್ಥದ ಪರೀಕ್ಷೆಯಲ್ಲಿ ಶುದ್ಧನಾದವನಿಗೆ ಬೊಕ್ಕಸದ ಕೆಲಸ ಎಂದು ಅವನು ವಿಭಾಗಿಸಿದ್ದಾನೆ. ಹೊಣೆ ಬೇರೆಯಾದರೆ ಪರೀಕ್ಷೆಯೂ ಬೇರೆ ಎಂಬುದೇ ಅವನ ಅಭಿಪ್ರಾಯ.

ಆಟಕ್ಕೂ ಬಾಳಿಗೂ ಒಂದು ಭೇದವುಂಟು. ಆಟದಲ್ಲಿ ಟಾಲಿಯ ಅಂಕವನ್ನು ರಚನಕಾರರು ಗೊತ್ತುಪಡಿಸಿರುತ್ತಾರೆ. ಸೋತರೆ ಮರಳಿ ಆಡಬಹುದು. ಬಾಳಿನಲ್ಲಿ ಮನುಷ್ಯರು ಕಲಿಯುತ್ತಾರೆ, ಬೆಳೆಯುತ್ತಾರೆ. ಇಂದು ಅಸಮರ್ಥನಾದವನು ನಾಳೆ ಸಮರ್ಥನಾಗಬಲ್ಲನು. ಆದರೆ ಕಳೆದುಹೋದ ಪ್ರಾಣವನ್ನು ಮರಳಿ ತರಲಾಗದು. ಆದುದರಿಂದ ಒಬ್ಬರನ್ನು ಯೋಗ್ಯರೆಂದೋ ಅಯೋಗ್ಯರೆಂದೋ ನಿರ್ಣಯಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ಕೆಲಸವು ಬೇಡುವುದೇನು? ಅದು ಇವರಲ್ಲಿದೆಯೇ? ಇವರ ಮನಸ್ಸು ಆ ಕೆಲಸದಲ್ಲಿ ನೆಲೆಸಲು ನಾನು ಮಾಡಬೇಕಾದುದನ್ನು ಮಾಡಿರುವೆನೇ? ಮೊದಲಿನ ಎರಡು ಪ್ರಶ್ನೆಗಳು ಸಂಗಡಿಗನನ್ನು ಪರೀಕ್ಷಿಸುತ್ತವೆ. ಮೂರನೆಯದು ನಾಯಕನನ್ನೇ ಪರೀಕ್ಷಿಸುತ್ತದೆ.